ಎರಡು ಸೆಪಲ್ ಇಲ್ಲದ ಟೊಮೇಟೊ ಹೂ

ಕೋವಿಡ್ ಮುಗಿದು ಶಾಲೆಗಳು ಮತ್ತೆ ನೆಟ್ಟಗೆ ನಡೆಯತೊಡಗಿದ ಎರಡನೇ ವರ್ಷ. ನಾನಾಗ ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಊರವರ ಬಾಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗಣಿತದವರು ರಜೆ ಹಾಕಿದರೆ ಅವರ ಪೀರಿಯಡ್ಡಿಗೆ ಹೋಗಿ ಮಕ್ಕಳ ಬಾಯಿ ಮುಚ್ಚಿಸುವುದು, ಸಾಹೇಬರು ಬಂದರೆ ಬೋರ್ಡಿನ ಮೇಲೆ ಬಣ್ಣಬಣ್ಣದಲ್ಲಿ 'ಸುಸ್ವಾಗತ' ಬರೆಯುವುದು. ಚಿತ್ರಕಲೆ ಎಂದರೆ ಇಷ್ಟೇ ಎಂದು ಎಲ್ಲರೂ ತಿಳಿದಿದ್ದರು.

ಈ ವೃತ್ತಿಯಲ್ಲಿ ನನ್ನ ಹೊಟ್ಟೆ ಉರಿಸಿದ್ದು ಒಂದೇ ಒಂದು ಹೂ. ನೀವೂ ಅದನ್ನು ಬಿಡಿಸಿದ್ದೀರಿ, ಸುಳ್ಳು ಹೇಳಬೇಡಿ. ಬಾಟಲಿ ಮುಚ್ಚಳ ಇಟ್ಟು ಒಂದು ಸೊನ್ನೆ, ಸುತ್ತ ಐದು ದಳ, ಕೆಳಗೆ ಕರೆಂಟ್ ಕಂಬದಂಥ ಕಾಂಡ, ಎಡಕ್ಕೊಂದು ಬಲಕ್ಕೊಂದು ಎಲೆ. ಭೂಮಿಯ ಮೇಲೆ ಯಾವ ಗಿಡವೂ ಬಿಡದ ಹೂ! ಅಪ್ಪ ಅಮ್ಮ ಕಲಿಸುವುದು ಅದನ್ನೇ, ಅಂಗನವಾಡಿ ಗೋಡೆಯ ಮೇಲಿರುವುದೂ ಅದೇ, ಈಗ ಮೊಬೈಲಿನಲ್ಲಿ 'ಎರಡು ನಿಮಿಷದಲ್ಲಿ ಸುಲಭ ಹೂ' ಎಂದು ತೋರಿಸುವುದೂ ಅದನ್ನೇ. ಎರಡು ನಿಮಿಷವಾದರೂ ಯಾಕೆ? ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಳ್ಳಿ, ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ನನ್ನ ತರಗತಿಯಲ್ಲಿ ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟುವಂತಿರಲಿಲ್ಲ. ಹೂವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಬೇಕು. ತೊಟ್ಟು ಎತ್ತ ವಾಲಿದೆಯೋ ಅತ್ತ ಒಂದು ತೆಳುಗೆರೆ, ಅದು ಆಕ್ಸಿಸ್. ಹೂ ಓರೆಯಾಗಿದ್ದರೆ ಅದರ ಬಾಯಿ ದುಂಡಗೆ ಕಾಣುವುದಿಲ್ಲ, ಮೊಟ್ಟೆಯಂತೆ ಕಾಣುತ್ತದೆ, ಅದು ಎಲಿಪ್ಸ್. ಆಮೇಲೆ ದಳ ಎಣಿಸಿ. ದಳದ ಬೆನ್ನಿಗೆ ಹಸಿರು ಎಸಳುಗಳಿರುತ್ತವೆ, ಅವು ಸೆಪಲ್, ಅವನ್ನೂ ಎಣಿಸಿ. ಎಣಿಸದೆ ಬಿಡಿಸಿದವರಿಗೆ ನನ್ನ ಹತ್ತಿರ ಬೈಗುಳ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ.

ಆ ವರ್ಷ ತಾಲ್ಲೂಕು ಮಟ್ಟದ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ವಿಷಯ 'ಒಂದು ಹೂ, ನೋಡಿ ಬಿಡಿಸಿ'. ಹೂವನ್ನು ಮಕ್ಕಳೇ ತರಬೇಕು. ಗೆದ್ದ ಒಬ್ಬರಿಗೆ ಮಾತ್ರ ಕೋಲಾರದಲ್ಲಿ ಹತ್ತು ದಿನದ ವಸತಿ ಶಿಬಿರ, ನಿಜವಾದ ಕಲಾವಿದರ ಪಕ್ಕ ಕೂತು ಕಲಿಯುವ ಅವಕಾಶ. ಎರಡನೇ ತೀರ್ಪುಗಾರ ಸತೀಶ, ಪೇಟೆಯಲ್ಲಿ ಆರ್ಟ್ ಕ್ಲಾಸ್ ನಡೆಸುವವನು. ಅವನ ಕ್ಲಾಸಿನ ಇಪ್ಪತ್ತು ಮಕ್ಕಳೂ ಒಂದೇ ಗುಲಾಬಿ ಬಿಡಿಸುತ್ತಾರೆ, ಅದರ ಮೇಲೆ ಒಂದೇ ಜಾಗದಲ್ಲಿ ಒಂದೇ ಇಬ್ಬನಿ ಹನಿ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅವನ ಪಕ್ಕ ಕುರ್ಚಿ ಹಾಕಿದ್ದಕ್ಕೇ ನನಗೆ ಅವಮಾನವಾಗಿತ್ತು.

ಮಕ್ಕಳು ಹಾಲ್‌ನಲ್ಲಿ ಬಿಡಿಸುತ್ತಿದ್ದಾಗ ನಾವು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದೆವು. ಅದೇ ಪದ್ಧತಿ. ಹಾಳೆಗಳು ಮೇಜಿಗೆ ಬರುವ ಹೊತ್ತಿಗೆ ಶಾಲೆಯ ಆಯಮ್ಮ ಹಾಲ್ ಗುಡಿಸಿ ಹೂಗಳನ್ನೆಲ್ಲ ಕಸಕ್ಕೆ ಹಾಕಿದ್ದಳು. ಅರವತ್ತನಾಲ್ಕು ಹಾಳೆ. ಅರ್ಧಕ್ಕರ್ಧ ಬಾಟಲಿ ಮುಚ್ಚಳದ ಸೊನ್ನೆ. ಮುಂದೆ ನಿಜವಾದ ದಾಸವಾಳ ಇಟ್ಟುಕೊಂಡೂ ಸೊನ್ನೆ! ಕರ್ಮ.

ನಲವತ್ತೊಂದನೇ ಹಾಳೆಯಲ್ಲಿ ಒಂದು ಟೊಮೇಟೊ ಹೂ ತಲೆ ತಗ್ಗಿಸಿ ನೇತಾಡುತ್ತಿತ್ತು. ಗೆರೆ ಉಳಿದೆಲ್ಲ ಹಾಳೆಗಳಿಗಿಂತ ಚೆನ್ನಾಗಿತ್ತು. ಹಿಂದಕ್ಕೆ ಮಡಚಿದ ದಳ, ಬಾಗಿದ ತೊಟ್ಟು, ಎಲ್ಲ ಸರಿ. ಆದರೆ ನಡುವಿನ ಹಳದಿ ಕೊಳವೆ ಇಲ್ಲ, ಅಲ್ಲಿ ದಾರದಂಥ ಒಂದೇ ಕಡ್ಡಿ. ಸೆಪಲ್ ಎಣಿಸಿದೆ. ಮೂರೇ. ಉಳಿದೆರಡರ ಜಾಗದಲ್ಲಿ ಮೊಂಡು ತುದಿ.

"ಇದೇನ್ ಸಾರ್, ಹೂನಾ ಜಿರಲೇನಾ?" ಎಂದು ಸತೀಶ ನಕ್ಕ. ಜೀವನದಲ್ಲಿ ಮೊದಲ ಸಲ ಅವನ ಜೊತೆ ನಾನೂ ನಕ್ಕೆ. ಟೊಮೇಟೊ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಟೊಮೇಟೊ ಹೂವಿನ ಸೆಪಲ್ ಎಣಿಸಲು ಬಾರದ ಮಗು! ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ದೊಡ್ಡದಾಗಿ 'ನೋಡದೆ ಬಿಡಿಸಿದ್ದು' ಎಂದು ಬರೆದು, ಐವತ್ತಕ್ಕೆ ಹದಿನೆಂಟು ಕೊಟ್ಟೆ. ಸತೀಶನ ಶಿಷ್ಯನೊಬ್ಬನ ದಾಸವಾಳ ಗೆದ್ದಿತು. ಸತ್ತ ಹೂ ಅದು, ಆದರೆ ದಳಗಳ ಲೆಕ್ಕ ಸರಿಯಿತ್ತು.

ಹೆಸರು ಓದಿದ ಮೇಲೆ ಹಾಳೆಗಳನ್ನು ಹಿಂದಿರುಗಿಸಿದರು. ನಾನು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಡ್ಡ ನಿಂತಳು. ರಾಯಲ್ಪಾಡು ಕಡೆಯವಳು, ಹೆಸರು ಭವ್ಯ. ಹಿಂದೆ ಅವಳ ಅಮ್ಮ.

"ಸಾರ್, ನಾನು ನೋಡೇ ಬಿಡಿಸಿದ್ದು."

"ಟೊಮೇಟೊ ಹೂಗೆ ಐದು ಸೆಪಲ್ ಕಣಮ್ಮ. ನೀನು ಮೂರೇ ಬಿಡಿಸಿದ್ದೀಯ. ಕಣ್ಣು ಎಲ್ಲಿಟ್ಟಿದ್ದೆ?"

"ಇದು ಕ್ರಾಸಿಂಗ್ ಆಗಿರೋ ಹೂ ಸಾರ್. ಎರಡನ್ನ ಗುರ್ತಿಗೆ ಕತ್ತರಿಸಿರ್ತಾರೆ."

ನನಗೆ ಅರ್ಥವಾಗಲಿಲ್ಲ. ಅವಳೇ ವಿವರಿಸಿದಳು, ದಡ್ಡನಿಗೆ ಹೇಳುವಷ್ಟು ತಾಳ್ಮೆಯಿಂದ. ಅವಳ ಅಮ್ಮನ ಕೆಲಸ ಹೈಬ್ರಿಡ್ ಬೀಜ ತಯಾರಿಸುವ, ಸುತ್ತ ಬಲೆ ಹೊದಿಸಿದ ನೆಟ್‌ಹೌಸಿನಲ್ಲಿ. ಮೊಗ್ಗು ಅರಳುವ ಮುಂಚೆ ಚಿಮುಟದಿಂದ ನಡುವಿನ ಹಳದಿ ಕೊಳವೆಯನ್ನು, ಅಂದರೆ ಗಂಡು ಭಾಗವನ್ನು, ಕಿತ್ತು ತೆಗೆಯುತ್ತಾರೆ. ಮರುದಿನ ಉಳಿದ ಕಡ್ಡಿಯ ತುದಿಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಮುಟ್ಟಿಸಿದ ಹೂ ಯಾವುದೆಂದು ತಿಳಿಯಲು ಎರಡು ಸೆಪಲ್ ಕತ್ತರಿಸುತ್ತಾರೆ. ಗಿಡದಿಂದ ಹೂ ಕಿತ್ತರೆ ಮೇಸ್ತ್ರಿ ಬೈಯುತ್ತಾನೆಂದು ಇವಳು ಕೆಳಗೆ ಉದುರಿದ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

ಅಮ್ಮ ಮಗಳ ಕೈಯಿಂದ ಹಾಳೆ ತೆಗೆದುಕೊಂಡು ಕೆಂಪು ಅಕ್ಷರ ತೋರಿಸಿ, "ಚೂಡಕುಂಡಾ ಅಂಟಾಡಾ?" ಎಂದು ತೆಲುಗಿನಲ್ಲಿ ಕೇಳಿದಳು. ನೋಡದೆ ಅಂತಾನಾ ಇವನು? ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ನಮ್ದು ನೋಡೋ ಕೆಲ್ಸಾನೇ ಸಾರ್. ದಿನಾ ಸಾವಿರ ಹೂ ನೋಡ್ತೀವಿ. ನೀವು ಎಷ್ಟು ನೋಡಿದ್ದೀರಾ?"

ಟೊಮೇಟೊ ಹೂವನ್ನು ನಾನು ಪುಸ್ತಕದಲ್ಲಿ ನೋಡಿದ್ದೆ. ಬಸ್ಸಿನ ಕಿಟಕಿಯಿಂದ ತೋಟ ನೋಡಿದ್ದೆ. ಒಂದು ಹೂವನ್ನೂ ಬಗ್ಗಿ ನೋಡಿರಲಿಲ್ಲ.

"ತಪ್ಪಾಯ್ತಮ್ಮ. ಮುಂದಿನ ವರ್ಷ ಬಾ ಮಗು" ಎಂದೆ.

"ಮುಂದಿನ ವರ್ಷ ಟೆಂತ್ ಸಾರ್. ಟೆಂತ್‌ನೋರ್ನ ಕಳ್ಸಲ್ಲ. ಈಗ್ಲೇ ಸರಿ ಮಾಡಿ."

ಅವಳು ಕೇಳಿದ್ದು ದಯೆ ಅಲ್ಲ, ನ್ಯಾಯ. ವಾಪಸು ಹೋದೆ. ಸ್ಪರ್ಧೆಯ ಸಂಯೋಜಕರು ಬೀಗ ಹಾಕುತ್ತಿದ್ದರು, ಸತೀಶ ಪಕ್ಕದಲ್ಲಿದ್ದ. ಫಲಿತಾಂಶ ಈಗ ಬದಲಾಯಿಸಬಹುದಾ ಎಂದು ಕೇಳಿದೆ. "ಪಟ್ಟಿ ಇನ್ನೂ ಕಳ್ಸಿಲ್ಲ ಮೇಷ್ಟ್ರೇ. ಬದಲಾಯಿಸಬೇಕಾದ್ರೆ 'ನಾನು ತೀರ್ಪು ಕೊಟ್ಟಿದ್ದು ತಪ್ಪು' ಅಂತ ನೀವು ಬರೆದುಕೊಡಿ, ಬದಲಾಯಿಸ್ತೀನಿ" ಎಂದರು ಸಂಯೋಜಕರು. ಅಷ್ಟೇ. ಒಂದು ಸಾಲು, ಒಂದು ಸಹಿ. ಸತೀಶ ಮೀಸೆಯಲ್ಲೇ ನಗುತ್ತಾ, "ಏನ್ ಸಾರ್, ಎಣಿಕೆ ತಪ್ತಾ?" ಎಂದ.

ಆ ಮನುಷ್ಯನ ಮುಂದೆ ಆ ಸಾಲು ಬರೆಯಲು ನನ್ನ ಕೈ ಏಳಲಿಲ್ಲ. "ಏನಿಲ್ಲ, ಸುಮ್ನೆ ಕೇಳ್ದೆ. ಕೊಡೆ ಮರ್ತಿದ್ದೆ, ಅದಕ್ಕೆ ಬಂದೆ" ಎಂದೆ. ಛೀ! ಇಂದು ಬರೆಯುವಾಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ. ಗೇಟಿಗೆ ಬಂದು, ಆಗಲ್ಲವಂತೆ ಎಂದು ಸುಳ್ಳು ಹೇಳಿ, ಹುಡುಗಿಯ ಹಾಳೆಯ ಕೆಂಪು ಸಾಲನ್ನು ಹೊಡೆದು, ಕೆಳಗೆ 'ಚಿತ್ರ ಸರಿಯಾಗಿದೆ' ಎಂದು ಬರೆದು ಸಹಿ ಹಾಕಿಕೊಟ್ಟೆ. ಅದಕ್ಕೆ ಧೈರ್ಯ ಬೇಕಿರಲಿಲ್ಲ, ಅದನ್ನು ಸತೀಶ ಓದುವುದಿಲ್ಲವಲ್ಲ.

ಭವ್ಯ ಸಹಿ ನೋಡಿದಳು. "ಥ್ಯಾಂಕ್ಸ್ ಸಾರ್" ಎಂದು ಹಾಳೆಯನ್ನು ಸುರುಳಿ ಸುತ್ತಿ ಅಮ್ಮನ ಹಿಂದೆ ಬಸ್ ಸ್ಟ್ಯಾಂಡಿಗೆ ಹೊರಟಳು. ದಾಸವಾಳದ ಹುಡುಗ ಕೋಲಾರಕ್ಕೆ ಹೋಗಿ ಬಂದ.

ಆಮೇಲೆ ಎಲ್ಲಿ ತೀರ್ಪುಗಾರನಾಗಿ ಕರೆದರೂ ಒಂದೇ ಷರತ್ತು ಹಾಕಿದೆ: ಟೀ ಬೇಡ, ಹೂ ಇನ್ನೂ ಡೆಸ್ಕಿನ ಮೇಲಿರುವಾಗಲೇ ಮಗುವಿನ ಪಕ್ಕ ನಿಂತು ಅಂಕ ಹಾಕುತ್ತೇನೆ. ಈಗ ಮನೆಯಲ್ಲಿ ಮಕ್ಕಳಿಗೆ ಹೂ ಬಿಡಿಸುವುದನ್ನು ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಅದನ್ನೇ ಹೇಳುತ್ತೇನೆ. ಗೆರೆ ತಪ್ಪಾಗಿ ಕಂಡರೆ ರಬ್ಬರ್ ಕೊಡಬೇಡಿ, ಹೂ ಎಲ್ಲಿದೆ ತೋರಿಸು ಎನ್ನಿ. ನೋಡುವುದನ್ನು ನಾನು ಮೂವತ್ತು ವರ್ಷ ಪಾಠ ಮಾಡಿದೆ. ನೋಡಿದ ಮೇಲೆ ಕಂಡದ್ದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದೂ ಡ್ರಾಯಿಂಗ್ ಮೇಷ್ಟ್ರ ಕೆಲಸವೇ. ಆ ಅರ್ಧವನ್ನು ನಾನು ಮಾಡಲಿಲ್ಲ, ಅದರ ಬೆಲೆ ತೆತ್ತವಳು ಭವ್ಯ.