ಹಾಳೆಯ ಹಿಂಬದಿ

ನಮ್ಮ ಲುವೊಯಾಂಗ್ ನಗರದಲ್ಲಿ ಒಳ್ಳೆಯ ಬರಹ ಕಂಡರೆ ‘ಕಾಗದ ತುಟ್ಟಿಯಾಯಿತು’ ಎಂದು ಹೊಗಳುತ್ತಾರೆ. ನನಗೆ ಮೈ ಉರಿಯುತ್ತದೆ. ಒಂದು ಹೊಸ ಕಾವ್ಯವನ್ನು ನಕಲು ಮಾಡಿಕೊಳ್ಳಲು ಊರೇ ಮುಗಿಬಿದ್ದು, ಅಂಗಡಿಗಳಲ್ಲಿ ಕಾಗದವೇ ಸಿಗದಂತಾದ ವರ್ಷ ಹುಟ್ಟಿದ ಮಾತದು. ಅರ್ಜಿ ಬರೆದು ಬದುಕುವ ನನ್ನ ಗಂಡ ಗೆಂಗ್ ಕೂಡ ಮನೆಯಲ್ಲಿ ಉಳಿದಿದ್ದ ಕೊನೆಯ ಹಾಳೆಯಲ್ಲಿ ಆ ಕಾವ್ಯದ ಪದ್ಯವನ್ನೇ ಇಳಿಸಿಕೊಂಡಿದ್ದರು.

ಮರುದಿನ ನೆರೆಮನೆಯ ಬಿಯಾನ್ ಅಕ್ಕ ಓಡಿಬಂದಳು.

“ನಾಳೆ ನನ್ ಮಗನ ತಲೆ ತೆಗೀತಾರಂತೆ! ಕ್ಷಮೆ ಕೇಳಿ ಒಂದರ್ಜಿ ಬರ್ಕೊಡಪ್ಪಾ.”

“ಕಾಗದ ಎಲ್ಲಿದೆ ಅಕ್ಕಾ?” ಎಂದರು ಇವರು.

“ಆ ಹಾಳು ಪದ್ಯದ ಹಿಂದೇನೇ ಬರೀರಿ!” ಎಂದು ನಾನು ಕಿರುಚಿದೆ.

ಬರೆದರು. ಕಚೇರಿಗೆ ಓಡಿದೆವು. ಅಲ್ಲಿನ ಕಾವಲಿನವನು ಹಾಳೆಯನ್ನು ಅಧಿಕಾರಿಗೆ ಕೊಡಲು ಒಳಗೊಯ್ದ. ನಾವು ಬಾಗಿಲಲ್ಲೇ ಮಂಡಿಯೂರಿದ್ದೆವು. ಸಂಜೆ ಅವನು ನಗುತ್ತಾ ಬಂದ.

“ಸಾಹೇಬ್ರು ಪದ್ಯ ಓದಿ ತಲೆದೂಗಿದ್ರು ಕಣಮ್ಮಾ. ತಮ್ಮತ್ರಾನೇ ಇಟ್ಕೊಂಡ್ರು.”

“ಹಾಳೆ ಹಿಂದಿಂದು?” ಎಂದಳು ಅಕ್ಕ.

“ಹಿಂದೇನಿತ್ತು?”