ನ್ಯಾ ಎಫಿಯ ಒರಳಿಗೆ ಬಗ್ಗದ ಹೊಟ್ಟೆನೋವು

ಸೋಮವಾರ, ಬೆಳಗಿನ ಐದೂವರೆ. ಪರಾಗ್ವಾರಿ ಊರಿನ ಸರ್ಕಾರಿ ಶಾಲೆಯ ಗೇಟಿನ ಪಕ್ಕ, ಮಾವಿನ ಮರದ ಬುಡದಲ್ಲಿ ಎಫಿಹೇನಿಯಾ ಬೆನಿತೆಸ್ ಮರದ ಒರಳನ್ನು ಮುಂದಿಟ್ಟುಕೊಂಡು ಸೊಪ್ಪು ಕುಟ್ಟುತ್ತಿದ್ದಾರೆ. ಬುಟ್ಟಿಯಲ್ಲಿ ಹದಿನೆಂಟು ಬಗೆಯ ಎಲೆ, ಬೇರು. ವಯಸ್ಸು ಅರವತ್ತೊಂಬತ್ತು. ಊರಿಗೆಲ್ಲ ಅವರು ನ್ಯಾ ಎಫಿ. ನಮ್ಮಲ್ಲಿ ಹಿರಿಯ ಹೆಂಗಸನ್ನು 'ನ್ಯಾ' ಸೇರಿಸದೆ ಕರೆದರೆ ಬೆನ್ನಿಗೆ ಗುದ್ದು ಬೀಳುತ್ತದೆ.

ಶಾಲೆಗೆ ಬರುವ ಮಕ್ಕಳ ಹೆಗಲಲ್ಲಿ ತೆರೆರೆಯ, ಅಂದರೆ ಸೊಪ್ಪು ಹಾಕಿ ಕುಡಿಯುವ ತಣ್ಣನೆ ಕಷಾಯದ, ನೀರಿನ ಫ್ಲಾಸ್ಕು. "ಏನ್ ನೋವು ಮಗಾ?" ಎಂದು ಕೇಳುವುದು, ನೋವಿಗೆ ತಕ್ಕ ಎಲೆ ಕುಟ್ಟಿ ನೀರಿಗೆ ಹಾಕುವುದು ನ್ಯಾ ಎಫಿಯ ಕೆಲಸ. ದಿನಕ್ಕೆ ಎಪ್ಪತ್ತು ಮಕ್ಕಳು. ಗಂಡ ತೀರಿಕೊಂಡ ವರ್ಷ ಇಲ್ಲಿ ಕೂತವರು, ಇಪ್ಪತ್ತಾರು ವರ್ಷವಾಯಿತು. ನನ್ನ ಇಬ್ಬರು ಮಕ್ಕಳ ಫ್ಲಾಸ್ಕಿಗೂ ಬಿದ್ದದ್ದು ಇವರ ಸೊಪ್ಪೇ. ಇವತ್ತು ಇವರ ಬಗ್ಗೆ ಪತ್ರಿಕೆಗೆ ಬರೆಯಲು ಪಕ್ಕದಲ್ಲಿ ಬಂದು ಕೂತಿದ್ದೇನೆ.

"ತಲೆನೋವು ಅಂತಾವೆ. ಕುಟ್ಟೋವಷ್ಟ್ರಲ್ಲಿ ಲೆಕ್ಕದ ಪರೀಕ್ಷೆ ಅಂತ ಬಾಯಿ ಬಿಡ್ತಾವೆ. ನಾನೇನ್ ಮಾಡ್ತೀನಪ್ಪ ಅದ್ರಲ್ಲಿ? ಕುಟ್ತೀನಷ್ಟೆ," ಎನ್ನುತ್ತಾರೆ. ಹದಿನೈದು ದಿನಕ್ಕೊಮ್ಮೆ ಶಾಲೆಗೆ ಬರುವ ಮನೋತಜ್ಞೆ ಬಾಗಿಲು ತೆರೆದು ಕೂತರೂ ಮಕ್ಕಳು ಮೊದಲು ಬರುವುದು ಇಲ್ಲಿಗೆ. ಯಾಕೆ ಅಂತ ನನಗೂ ಅರ್ಥವಾಗಿಲ್ಲ, ನ್ಯಾ ಎಫಿಗಂತೂ ಮೊದಲೇ ಇಲ್ಲ.

ಇವತ್ತು ಮಾತ್ರ ಅವರ ಕಣ್ಣು ರಸ್ತೆಯ ಮೇಲಿದೆ. ಐದನೇ ತರಗತಿಯ ಮಾರಿಲಿಸ್ ಕಳೆದ ಸೋಮವಾರ ಇಲ್ಲಿಂದ ಮನೆಗೆ ಓಡಿದವಳು ವಾರವಿಡೀ ಶಾಲೆಗೆ ಬಂದಿಲ್ಲ. ಇನ್ನೂ ಒಂದು ವಾರ ತಪ್ಪಿದರೆ ಹುಡುಗಿ ಶಾಲೆಯನ್ನೇ ಬಿಡುತ್ತಾಳೆ ಎಂಬ ಭಯ ಇವರಿಗೆ.

"ಸೋಮವಾರ ಸೋಮವಾರ ಹೊಟ್ಟೆನೋವು ಅಂತಿದ್ಳು. ಹೊಟ್ಟೆಗೆ ಬುರ್ರಿತೊ ಎಲೆ, ಯಾರ್ನ್ ಕೇಳಿದ್ರೂ ಹೇಳ್ತಾರೆ. ಒಂಬತ್ತು ಸೋಮವಾರ ಕೊಟ್ಟೆ, ಕಮ್ಮಿ ಆಗ್ಲಿಲ್ಲ. ನಂಗೂ ಹಟ ಬಂತು ನೋಡಿ, ಕಹಿ ಬೇರು ಕುಟ್ಟಿ ಕುಡಿಸ್ದೆ. ಎಲ್ರ ಮುಂದೆ ವಾಂತಿ ಮಾಡ್ಕೊಂಡ್ಳು. ಹುಡುಗ್ರು ನಕ್ಕುಬಿಟ್ರು."

ಆಮೇಲೆ ಸಂತೆಯಲ್ಲಿ ಹುಡುಗಿಯ ಅಜ್ಜಿ ವಿಷಯ ಹೇಳಿದಳಂತೆ. ಸ್ಪೇನಿನಲ್ಲಿ ಮನೆಗೆಲಸಕ್ಕಿರುವ ತಾಯಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಹತ್ತು ಭಾನುವಾರದಿಂದ ಫೋನಿಲ್ಲ.

"ಅವ್ಳ ನೋವು ಭಾನುವಾರದ್ದು, ನಾನು ಹೊಟ್ಟೇದು ಅನ್ಕೊಂಡು ಕೂತಿದ್ದೆ. ನೀವು ಓದಿದೋರು, ಹೇಳಿ. ಅದಕ್ಕೆ ಯಾವ ಎಲೆ?"

"ಸುಮ್ನೆ ಕೇಳಿಸ್ಕೊಳ್ಳಿ ಅಂದ್ರು ಮನಸ್ಸಿನ ಡಾಕ್ಟ್ರಮ್ಮ," ಎಂದು ಅವರೇ ಗೊಣಗುತ್ತಾರೆ. "ಕೇಳಿಸ್ಕೊಳ್ಳೋಕೆ ಅವ್ಳು ಬರ್ಬೇಕಲ್ಲ?" ಎದುರಿಗಿದ್ದ ಹುಡುಗನ ಫ್ಲಾಸ್ಕಿಗೆ ಒರಳಿನ ಕೊನೆಯ ಚೂರನ್ನೂ ತಟ್ಟಿ ಸುರಿಯುತ್ತಾರೆ.

ಏಳಕ್ಕೆ ಇಪ್ಪತ್ತು ನಿಮಿಷವಿದೆ. ರಸ್ತೆಯ ಆಚೆ ಮಾರಿಲಿಸ್ ನಿಂತಿದ್ದಾಳೆ. ಗೇಟು ನೋಡುತ್ತಾಳೆ, ನ್ಯಾ ಎಫಿಯನ್ನು ನೋಡುತ್ತಾಳೆ, ತಿರುಗಿ ಹೊರಡುವಂತೆ ಕಾಣುತ್ತಾಳೆ. 'ಏನ್ ನೋವು' ಎಂಬ ಇಪ್ಪತ್ತಾರು ವರ್ಷದ ಪ್ರಶ್ನೆ ನ್ಯಾ ಎಫಿಯ ತುಟಿವರೆಗೆ ಬಂದದ್ದು ನನಗೆ ಕಾಣುತ್ತದೆ. ಅದನ್ನು ನುಂಗಿಕೊಂಡು ಒನಕೆ ಮುಂದೆ ಚಾಚುತ್ತಾರೆ.

"ಕೈ ಸೋತೋಯ್ತು ಕಣೇ. ಒಂಚೂರು ಕುಟ್ಟಿಕೊಡ್ತೀಯಾ?"

"ಕಹೀದಾ?"

"ಅಲ್ಲ ಕಣೇ ತಾಯಿ, ನನ್ನಾಣೆ."

ಹುಡುಗಿ ದಾಟಿ ಬರುತ್ತಾಳೆ. ಮೊದಲು ಮೆಲ್ಲಗೆ ಕುಟ್ಟುತ್ತಾಳೆ. ಆಮೇಲೆ ಎರಡೂ ಕೈಯಲ್ಲಿ, ಹಲ್ಲು ಕಚ್ಚಿ. ಬುಟ್ಟಿ ಅಲುಗುತ್ತದೆ.

"ಅಮ್ಮ ನಿನ್ನೇನೂ ಫೋನ್ ಮಾಡ್ಲಿಲ್ಲ," ಎನ್ನುತ್ತಾಳೆ, ತಲೆ ಎತ್ತದೆ.

ನ್ಯಾ ಎಫಿ ಅಲುಗುವ ಬುಟ್ಟಿಯನ್ನು ಪಕ್ಕಕ್ಕೆ ಸರಿಸುತ್ತಾರೆ. "ಕುಟ್ಟು ಮಗಳೇ," ಎನ್ನುತ್ತಾರೆ. "ಇನ್ನೂ ಟೈಮಿದೆ."

ಗಂಟೆ ಹೊಡೆಯುವವರೆಗೂ ಕುಟ್ಟುತ್ತಾಳೆ. ತೋಳಿನಿಂದ ಮೂಗು ಒರೆಸಿಕೊಂಡು ಗೇಟಿನೊಳಗೆ ಹೋದವಳು ತಿರುಗಿ ಕೂಗುತ್ತಾಳೆ: "ನಾಳೇನೂ ನಾನೇ! ಬೇರೆಯೋರ್ಗೆ ಕೊಟ್ರೆ ನೋಡಿ ಮತ್ತೆ!"

ನಾನು ಪುಸ್ತಕ ತೆಗೆದು, ಯಾವ ಎಲೆ ಹಾಕಿದ್ದಿರಿ ಎಂದು ಕೇಳುತ್ತೇನೆ. ನ್ಯಾ ಎಫಿ ಒರಳಿಗೆ ಇಣುಕಿ ಹಣೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ ದೇವ್ರೇ! ಏನೂ ಹಾಕೇ ಇಲ್ಲ! ಇದನ್ನ ಮಾತ್ರ ಬರೀಬೇಡಿ, ಮಾನ ಹೋಗುತ್ತೆ."

ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಒನಕೆಯನ್ನು ಕೈಯಲ್ಲಿ ತೂಗಿ ನೋಡುತ್ತಾರೆ.

"ಇನ್ನೊಂದು ಸಣ್ಣದು ಮಾಡಿಸ್ಬೇಕು. ಇದು ಅವ್ಳ ಕೈಗೆ ಭಾರ."