ಸೊಟ್ಟ ಮೂಗಿನ ಕೋಡಂಗಿ
ಇಗ್ಬೋ ಜನರ ಒಂದು ಹಳ್ಳಿಯಲ್ಲಿ ಹೊಸ ಗೆಣಸಿನ ಹಬ್ಬಕ್ಕೆ ಹಿರಿಯರ ಆತ್ಮಗಳು ಮುಖವಾಡ ತೊಟ್ಟು ಸಂತೆಬಯಲಿಗೆ ಬಂದಾಗ, ಅವುಗಳ ಹಿಂದೆ ಕುಂಟುತ್ತ ಬರುವ ಸೊಟ್ಟ ಮೂಗಿನ ಕೋಡಂಗಿಯ ಒಳಗಿರುವವನು ಅನೆಕ್ವೆ. ಹಾಗೆಂದು ಯಾರೂ ಬಾಯಿಬಿಡುವಂತಿಲ್ಲ. ಮುಖವಾಡದೊಳಗೆ ಮನುಷ್ಯನಿದ್ದಾನೆಂದು ಹೆಂಗಸರಂತೂ ಅರಿತಂತೆ ತೋರಿಸಿಕೊಳ್ಳಲೇಬಾರದು. ಮಿಕ್ಕ ದಿನಗಳಲ್ಲಿ ತನ್ನ ಹೆಸರು ಹೇಳಲೂ ತೊದಲಿ ಬೆವರುವ ಈತ, ಗೋಣಿಯ ಡೊಳ್ಳುಹೊಟ್ಟೆ ಕಟ್ಟಿಕೊಂಡು ಗೊಗ್ಗರು ದನಿ ತೆಗೆದನೆಂದರೆ ಮಾತು ನೀರಿನಂತೆ ಹರಿಯುತ್ತದೆ. ಊರ ಯಜಮಾನನ ಬೀಸಣಿಗೆ ಕಸಿದು ಮೇಕೆಗೆ ಗಾಳಿ ಹಾಕುತ್ತಾನೆ, ಮಣ್ಣಲ್ಲಿ ಹೊರಳಿ ಹಸುಗೂಸಿನಂತೆ ಅಳುತ್ತಾನೆ, ಕೊನೆಗೆ ಅಲಸಂದೆ ವಡೆ ಕರಿಯುವ ಎಬೆಲೆಯ ಒಲೆಯ ಮುಂದೆ ಮಂಡಿಯೂರಿ, "ನನ್ನ ಮದುವೆ ಆಗೇ, ದಿನಾ ನಗಿಸ್ತೀನಿ" ಅನ್ನುತ್ತಾನೆ. "ಮೊದಲು ಮೂಗು ನೆಟ್ಟಗೆ ಮಾಡ್ಕೊಂಡು ಬಾರಯ್ಯ" ಎಂದು ಅವಳು ಸೌಟು ಎತ್ತಿದರೆ ಸಂತೆಗೆ ಸಂತೆಯೇ ನಗುತ್ತದೆ. ಹಬ್ಬದ ಮರುದಿನ ಅನೆಕ್ವೆ ಬರಿಮುಖದಲ್ಲಿ ಅಲ್ಲಿಗೇ ಬಂದು, ಬಾಯಿ ತೆರೆಯದೆ ವಡೆಯತ್ತ ಬೆರಳು ತೋರಿಸುತ್ತಾನೆ. ಈ ವರ್ಷ ಎಬೆಲೆ ವಡೆ ಕಟ್ಟಿಕೊಡುತ್ತ, ತಲೆ ಎತ್ತದೆ ಹೇಳಿದಳು: "ನಿನ್ನೆ ಬಂದಿದ್ದ ಆತ್ಮಕ್ಕೆ ಹೂಂ ಅನ್ನೋಣ ಅಂತಿದ್ದೆ. ಯಾರ ಹತ್ರ ಹೇಳಿ ಕಳಿಸಲಿ, ಅನೆಕ್ವೆ?" ಅದು ನಾನೇ ಎನ್ನಲು ಊರ ಕಟ್ಟಳೆ ಬಿಡದು. "ನ... ನನ್ನ ಹ... ಹತ್ರ..." ಎಂದು ಅವನು ತೊದಲತೊಡಗಿದ. ಬಾಣಲೆಯಲ್ಲಿ ವಡೆಗಳು ಕಪ್ಪಾಗುತ್ತಿದ್ದರೂ ಎಬೆಲೆ ಸೌಟು ಮುಟ್ಟದೆ, ಅವನ ಮಾತು ಮುಗಿಯಲೆಂದು ಕಾಯುತ್ತ ನಿಂತಳು.